ಖಿನ್ನತೆಗೆ ಮೊಬೈಲಿನಲ್ಲಿ ನೆರವು: ಏನನ್ನು ಹುಡುಕಬೇಕು, ಯಾವುದನ್ನು ನಂಬಬೇಕು

ಖಿನ್ನತೆಯಿಂದ ಬಳಲುತ್ತಿರುವವರು ಮೊಬೈಲಿನಲ್ಲಿ ‘ಖಿನ್ನತೆ’ ಎಂಬ ಪದವನ್ನೇ ಟೈಪ್ ಮಾಡುವುದು ಕಡಿಮೆ. ರಾತ್ರಿ ನಿದ್ದೆ ಬರುತ್ತಿಲ್ಲ, ಯಾವಾಗಲೂ ಸುಸ್ತು, ತಲೆಭಾರ, ಎದೆಯಲ್ಲಿ ಸಂಕಟ, ಯಾವುದರಲ್ಲೂ ಆಸಕ್ತಿ ಇಲ್ಲ ಎಂಬ ಮಾತುಗಳಿಂದ ಅವರ ಹುಡುಕಾಟ ಶುರುವಾಗುತ್ತದೆ. ಮನಸ್ಸಿನ ಕಾಯಿಲೆಯನ್ನು ಮೈಯ ಕಾಯಿಲೆಯಂತೆ ಹೇಳಿಕೊಳ್ಳುವುದು ನಮ್ಮಲ್ಲಿ ಮೊದಲಿನಿಂದಲೂ ಇರುವ ರೂಢಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಮಾತುಗಳಿಗೆ ಮೊಬೈಲು ಕೊಡುವ ಉತ್ತರಗಳಲ್ಲಿ ಮನೆಮದ್ದು, ಟಾನಿಕ್, ಗ್ರಹದೋಷ ಪರಿಹಾರ, ‘ಧೈರ್ಯವಾಗಿರಿ, ಎದ್ದು ನಿಲ್ಲಿ’ ಎನ್ನುವ ಭಾಷಣಗಳು ಮೊದಲು ಬರುತ್ತವೆ. ಕೆಲಸಕ್ಕೆ ಬರುವ ಮಾಹಿತಿ ಎಲ್ಲೋ ಕೆಳಗೆ ಉಳಿದುಬಿಡುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಚಿಕ್ಕಮ್ಮನ ಮಗಳು ಕೆಲಸ ಬಿಟ್ಟು ಮನೆಗೆ ಬಂದು, ತಿಂಗಳುಗಟ್ಟಲೆ ಕೋಣೆಯಿಂದ ಹೊರಗೆ ಬಾರದೆ ಇದ್ದಾಗ, ಒಂದು ಸಂಜೆ ತಾನು ನೋಡಿದ ವಿಡಿಯೊಗಳ ಪಟ್ಟಿಯನ್ನು ನನಗೆ ತೋರಿಸಿದಳು. ಬೆರಳಿನಿಂದ ಸರಿಸಿದಷ್ಟೂ ಅದು ಮುಗಿಯುತ್ತಿರಲಿಲ್ಲ. “ಅಕ್ಕಾ, ಇಷ್ಟೆಲ್ಲಾ ನೋಡಿದೀನಿ. ನೋಡಿದಷ್ಟೂ ನನ್ನ ಕೈಲಿ ಏನೂ ಆಗಲ್ಲ ಅನ್ಸುತ್ತೆ” ಎಂದಳು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಒಂದು ರೀತಿಯಲ್ಲಿ ಅವಳ ಆ ಮಾತಿಗೆ ಉತ್ತರ. ಖಿನ್ನತೆಯ ಬಗ್ಗೆ ಓದುವುದು, ನೋಡುವುದು, ಕೇಳುವುದು ಇವೆಲ್ಲ ಒಂದು ಮಿತಿಯವರೆಗೆ ಮಾತ್ರ ಉಪಯುಕ್ತ. ನಮ್ಮಿಂದ ಒಂದು ಚಿಕ್ಕ ಕೆಲಸವನ್ನು ಮಾಡಿಸುವ ಅಥವಾ ನಮ್ಮನ್ನು ಒಬ್ಬ ಮನುಷ್ಯನ ದನಿಯವರೆಗೆ ತಲುಪಿಸುವ ಆನ್‌ಲೈನ್ ನೆರವು ನಿಜವಾದ ನೆರವು. ಇನ್ನಷ್ಟು ನೋಡುತ್ತ ಮಲಗಿರುವಂತೆ ಮಾಡುವುದು ನೆರವಲ್ಲ.

ಹೀಗೆ ಹೇಳಲು ಕಾರಣ ಈ ಕಾಯಿಲೆಯ ಸ್ವರೂಪದಲ್ಲಿಯೇ ಇದೆ. ಬೇಸರ ಎಲ್ಲರಿಗೂ ಬರುತ್ತದೆ, ಹೋಗುತ್ತದೆ. ಮನಸ್ಸು ಕುಗ್ಗಿರುವುದು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ದಿನದ ಹೆಚ್ಚು ಹೊತ್ತು, ಬಹುತೇಕ ಪ್ರತಿದಿನ, ಕನಿಷ್ಠ ಎರಡು ವಾರ ಮುಂದುವರಿದು, ಅದರ ಜೊತೆಗೆ ನಿದ್ದೆ, ಹಸಿವು, ಶಕ್ತಿ, ಏಕಾಗ್ರತೆ, ತನ್ನ ಬಗ್ಗೆ ತನಗಿರುವ ಗೌರವ ಇವುಗಳೂ ಏರುಪೇರಾಗಿ ನಿತ್ಯದ ಬದುಕಿಗೆ ಅಡ್ಡಿಯಾದಾಗ ವೈದ್ಯರು ಅದನ್ನು ಖಿನ್ನತೆ ಎಂದು ಗುರುತಿಸುತ್ತಾರೆ. ಅಂದರೆ ನೆರವನ್ನು ಹುಡುಕಿ, ಹೋಲಿಸಿ, ಆರಿಸಿಕೊಳ್ಳಲು ಬೇಕಾದ ಏಕಾಗ್ರತೆ ಮತ್ತು ಉತ್ಸಾಹವನ್ನೇ ಈ ಕಾಯಿಲೆ ಮೊದಲು ಕಿತ್ತುಕೊಂಡಿರುತ್ತದೆ. ಕಾಲು ಮುರಿದವರಿಗೆ ನಡೆದುಕೊಂಡೇ ಆಸ್ಪತ್ರೆಗೆ ಬನ್ನಿ ಎಂದಂತೆ ಇದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗಿರುತ್ತಾರೆ. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ದೊರೆತಿರುವುದಿಲ್ಲ. ಚಿಕಿತ್ಸೆ ಇಲ್ಲದಿರುವುದು ಇದಕ್ಕೆ ಕಾರಣವಲ್ಲ. ಚಿಕಿತ್ಸೆಗೂ ಜನರಿಗೂ ನಡುವೆ ದೂರ, ಖರ್ಚು, ನಾಚಿಕೆ, ಗೊತ್ತಿಲ್ಲದಿರುವುದು ಎಲ್ಲವೂ ಅಡ್ಡ ನಿಂತಿವೆ. ಆನ್‌ಲೈನ್ ನೆರವಿಗೆ ಬೆಲೆ ಬರುವುದು ಈ ಅಡ್ಡಗೋಡೆಗಳನ್ನು ತಗ್ಗಿಸಿದಾಗ.

ಮೊಬೈಲಿನಲ್ಲಿ ಮೊದಲು ಎದುರಾಗುವ ಉಪಯುಕ್ತ ಸಾಧನವೆಂದರೆ ಒಂಬತ್ತು ಪ್ರಶ್ನೆಗಳ ಒಂದು ಚಿಕ್ಕ ಪ್ರಶ್ನಾವಳಿ. ಪಿಎಚ್‌ಕ್ಯೂ-9 ಎಂಬ ಹೆಸರಿನ ಇದನ್ನು 2001ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ಇಂದು ನಮ್ಮ ಆಸ್ಪತ್ರೆಗಳಲ್ಲಿಯೂ ಬಳಸುತ್ತಾರೆ. ಕಳೆದ ಎರಡು ವಾರಗಳಲ್ಲಿ ಈ ತೊಂದರೆ ನಿಮ್ಮನ್ನು ಎಷ್ಟು ದಿನ ಕಾಡಿತು ಎಂಬುದೇ ಪ್ರತಿ ಪ್ರಶ್ನೆಯ ತಿರುಳು. ಇಲ್ಲವೇ ಇಲ್ಲ ಎಂದರೆ ಸೊನ್ನೆ, ಬಹುತೇಕ ಪ್ರತಿದಿನ ಎಂದರೆ ಮೂರು ಅಂಕ; ಒಟ್ಟು 27. ಸಾಮಾನ್ಯವಾಗಿ 5ರಿಂದ 9 ಅಂಕ ಬಂದರೆ ಸೌಮ್ಯ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರನ್ನು ಕಾಣುವುದು ಒಳ್ಳೆಯದು, 20 ಮತ್ತು ಅದಕ್ಕಿಂತ ಹೆಚ್ಚಾದರೆ ತೀವ್ರ ಎಂದು ಅರ್ಥ. ಈ ಅಂಕ ರೋಗನಿರ್ಣಯವಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಥೈರಾಯ್ಡ್ ಕಡಿಮೆಯಾದಾಗ, ರಕ್ತಹೀನತೆ ಅಥವಾ ಬಿ12 ಕೊರತೆ ಇದ್ದಾಗಲೂ ಸುಸ್ತು, ಮಂಕು, ನಿರಾಸಕ್ತಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದಲೇ ಒಳ್ಳೆಯ ವೈದ್ಯರು ಮೊದಲು ಒಂದು ರಕ್ತಪರೀಕ್ಷೆ ಮಾಡಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಪ್ರಶ್ನಾವಳಿಯ ದೊಡ್ಡ ಉಪಕಾರ ಅಂಕದ್ದಲ್ಲ. ‘ನನಗೆ ಏನೋ ಆಗಿದೆ, ಏನೆಂದು ಹೇಳಲಾರೆ’ ಎನ್ನುವವರ ಕೈಗೆ ಅದು ಒಂಬತ್ತು ವಾಕ್ಯಗಳನ್ನು ಕೊಡುತ್ತದೆ, ವೈದ್ಯರ ಎದುರು ಕುಳಿತಾಗ ಆ ವಾಕ್ಯಗಳೇ ಮಾತಾಗುತ್ತವೆ. ಒಂಬತ್ತನೆಯ ಪ್ರಶ್ನೆ ಸಾವಿನ ಯೋಚನೆಗೆ ಸಂಬಂಧಿಸಿದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೆ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಸ್ವಸಹಾಯದ ಪ್ರಯತ್ನವನ್ನು ಅಲ್ಲಿಗೇ ನಿಲ್ಲಿಸಿ ಒಬ್ಬರ ಜೊತೆ ಮಾತನಾಡಬೇಕು.

ಇನ್ನು ಸ್ವಸಹಾಯ. ಪ್ರಾಣಾಯಾಮ, ಡೈರಿ ಬರೆಯುವುದು, ಸಂಗೀತ, ನಡಿಗೆ, ಕೃತಜ್ಞತೆಯ ಪಟ್ಟಿ ಹೀಗೆ ನೂರು ಸಲಹೆಗಳು ಸಿಗುತ್ತವೆ. ಇಂಥವುಗಳಲ್ಲಿ ಗಟ್ಟಿ ಆಧಾರವಿರುವ ಒಂದನ್ನು, ಅಂದರೆ ಚಿಕ್ಕ ಚಿಕ್ಕ ಚಟುವಟಿಕೆಗಳನ್ನು ಹೆಚ್ಚಿಸಿಕೊಳ್ಳುವ ವಿಧಾನವನ್ನು, ಬಿಡಿಸಿ ಹೇಳುತ್ತೇನೆ, ಏಕೆಂದರೆ ಒಳ್ಳೆಯ ಆನ್‌ಲೈನ್ ಕಾರ್ಯಕ್ರಮಗಳಲ್ಲಿ ಬಹಳಷ್ಟು ಇದನ್ನೇ ತಳಹದಿಯಾಗಿ ಇಟ್ಟುಕೊಂಡಿವೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಅವರು ಖಿನ್ನತೆಯಲ್ಲಿ ಮನಸ್ಸಿಗೆ ತಾನಾಗಿಯೇ ಬರುವ ಯೋಚನೆಗಳನ್ನು ಗುರುತಿಸಿ, ಪರೀಕ್ಷಿಸಿ, ತಿದ್ದಿಕೊಳ್ಳುವ ಚಿಕಿತ್ಸಾ ವಿಧಾನವನ್ನು ರೂಪಿಸಿದರು. 1996ರಲ್ಲಿ ನೀಲ್ ಜೇಕಬ್‌ಸನ್ ಮತ್ತು ಸಂಗಡಿಗರು ಆ ಚಿಕಿತ್ಸೆಯ ಭಾಗಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದಾಗ, ಯೋಚನೆಯನ್ನು ತಿದ್ದುವ ಭಾಗವಿಲ್ಲದೆ ಬರೀ ಚಟುವಟಿಕೆಯನ್ನು ಹೆಚ್ಚಿಸುವ ಭಾಗವೇ ಇಡೀ ಚಿಕಿತ್ಸೆಯಷ್ಟು ಕೆಲಸ ಮಾಡಿದ್ದು ಕಂಡುಬಂತು. ಇದರ ತರ್ಕ ಸರಳವಾಗಿದೆ. ಮನಸ್ಸು ಕುಗ್ಗಿದಾಗ ನಾವು ಒಂದೊಂದೇ ಕೆಲಸವನ್ನು ಬಿಡುತ್ತೇವೆ. ಬಿಟ್ಟಾಗ ಆ ಕೆಲಸದಿಂದ ಸಿಗುತ್ತಿದ್ದ ಚಿಕ್ಕ ಸಂತೋಷ, ಚಿಕ್ಕ ಮೆಚ್ಚುಗೆ, ಜನರ ಒಡನಾಟ ಎಲ್ಲವೂ ನಿಲ್ಲುತ್ತವೆ. ಅವು ನಿಂತಾಗ ಮನಸ್ಸು ಇನ್ನೂ ಕುಗ್ಗುತ್ತದೆ. ಉತ್ಸಾಹ ಬಂದ ಮೇಲೆ ಏಳೋಣ ಎಂದು ಕಾಯುತ್ತ ಕುಳಿತರೆ ಈ ಸುತ್ತು ಮುರಿಯುವುದಿಲ್ಲ, ಏಕೆಂದರೆ ಈ ಕಾಯಿಲೆಯಲ್ಲಿ ಉತ್ಸಾಹ ಹುಟ್ಟುವುದು ಕೆಲಸ ಮಾಡಿದ ನಂತರವೇ, ಅದೂ ಎಷ್ಟೋ ದಿನಗಳ ನಂತರ.

ನನ್ನ ತಂಗಿ ಇದನ್ನು ಆಪ್‌ನಲ್ಲಿ ಮಾಡಲಿಲ್ಲ, ಇನ್ನೂರು ಪುಟದ ಒಂದು ನೋಟ್‌ಬುಕ್‌ನಲ್ಲಿ ಮಾಡಿದಳು. ಪುಟಕ್ಕೆ ಸ್ಕೇಲಿನಿಂದ ಗೆರೆ ಎಳೆದು ನಾಲ್ಕು ಕಾಲಂ ಮಾಡಿಕೊಂಡಿದ್ದಳು: ಹೊತ್ತು, ಏನು ಮಾಡಿದೆ, ಮಾಡುವ ಮೊದಲು ಮನಸ್ಸು ಹತ್ತಕ್ಕೆ ಎಷ್ಟು, ಮಾಡಿದ ಮೇಲೆ ಎಷ್ಟು. ಮೊದಲ ದಿನದ ಪುಟದಲ್ಲಿ ಇದ್ದದ್ದು ಎರಡೇ ಸಾಲು. ‘ಹಲ್ಲುಜ್ಜಿದೆ, 2, 2.’ ‘ತುಳಸಿಗೆ ನೀರು ಹಾಕಿದೆ, 2, 3.’ ಅವಳಿಗೆ ಅದನ್ನು ಬರೆದದ್ದಕ್ಕೇ ನಾಚಿಕೆಯಾಗಿತ್ತು. ಆದರೆ ಎರಡು ಇದ್ದದ್ದು ಮೂರಾದದ್ದನ್ನು ಅವಳು ತನ್ನ ಕೈಯಾರೆ ಬರೆದಿದ್ದಳು, ಅದನ್ನು ಯಾವ ಭಾಷಣಕಾರರೂ ಅವಳಿಗೆ ಹೇಳಿರಲಿಲ್ಲ. ಮೂರನೆಯ ವಾರದ ಪುಟಗಳಲ್ಲಿ ‘ಅಂಗಡಿಗೆ ಹೋಗಿ ಕೊತ್ತಂಬರಿ ತಂದೆ’, ‘ಅತ್ತಿಗೆಯ ಜೊತೆ ಹತ್ತು ನಿಮಿಷ ಮಾತಾಡಿದೆ’ ಎಂಬಂಥ ಸಾಲುಗಳು ಕಾಣಿಸಿದವು. ನಡುವೆ ಖಾಲಿ ಪುಟಗಳೂ ಇದ್ದವು. ಖಾಲಿ ಬಿಟ್ಟದ್ದಕ್ಕೆ ಅವಳನ್ನು ಯಾರೂ ಪ್ರಶ್ನಿಸಬಾರದು ಎಂದು ಅವಳ ವೈದ್ಯರು ನಮಗೆ ಮೊದಲೇ ಹೇಳಿದ್ದರು.

ಇದು ಒಂದು ಮನೆಯ ಅನುಭವ ಮಾತ್ರವಲ್ಲ. ನೆರೆಯ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಂಗತ್ ಸಂಸ್ಥೆಯವರು ವಿಕ್ರಮ್ ಪಟೇಲ್ ಮತ್ತು ಇತರ ಸಂಶೋಧಕರ ಜೊತೆ ಇದೇ ತತ್ವದ ಮೇಲೆ ಒಂದು ಚಿಕಿತ್ಸೆಯನ್ನು ರೂಪಿಸಿ, ಸುಮಾರು 500 ಮಂದಿಯಲ್ಲಿ ಪರೀಕ್ಷಿಸಿ, 2017ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು. ಚಿಕಿತ್ಸೆ ಕೊಟ್ಟವರು ಮನೋವೈದ್ಯರಲ್ಲ. ತರಬೇತಿ ಪಡೆದ ಸ್ಥಳೀಯ ಸಾಮಾನ್ಯ ಜನರು. ಆರರಿಂದ ಎಂಟು ಭೇಟಿಗಳು, ಅಷ್ಟೆ. ಮೂರು ತಿಂಗಳ ನಂತರ ನೋಡಿದಾಗ, ಈ ಚಿಕಿತ್ಸೆ ಪಡೆದವರಲ್ಲಿ ಶೇ. 64 ಮಂದಿ ಖಿನ್ನತೆಯ ಮಿತಿಯಿಂದ ಹೊರಗೆ ಬಂದಿದ್ದರೆ, ಮಾಮೂಲಿ ಆರೈಕೆಯಲ್ಲಿದ್ದವರಲ್ಲಿ ಆ ಪ್ರಮಾಣ ಶೇ. 39 ಇತ್ತು. ಅವರೆಲ್ಲರೂ ಸೌಮ್ಯ ಖಿನ್ನತೆಯವರಾಗಿರಲಿಲ್ಲ, ಸಾಕಷ್ಟು ತೀವ್ರವಾಗಿ ಬಳಲುತ್ತಿದ್ದವರು ಎಂಬುದು ಗಮನಿಸಬೇಕಾದ ಅಂಶ. ಹಾಗಾಗಿ ಒಂದು ಆಪ್ ಅಥವಾ ಜಾಲತಾಣವನ್ನು ಅಳೆಯಲು ನನ್ನ ಮೊದಲ ಪ್ರಶ್ನೆ ಇದು: ಇವತ್ತು ಮಾಡಬಹುದಾದ ಒಂದು ಚಿಕ್ಕ ಕೆಲಸವನ್ನು ಅದು ಕೇಳುತ್ತದೆಯೇ, ನಾಳೆ ಅದನ್ನು ಮಾಡಿದಿರಾ ಎಂದು ವಿಚಾರಿಸುತ್ತದೆಯೇ?

ಹೀಗೆ ಹಂತ ಹಂತವಾಗಿ ಕಲಿಸುವ ಆನ್‌ಲೈನ್ ಕಾರ್ಯಕ್ರಮಗಳಿಗೆ ಎರಡು ದಶಕಗಳಿಗೂ ಮೀರಿದ ಇತಿಹಾಸವಿದೆ. ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯವರು 2001ರಲ್ಲಿಯೇ ಮೂಡ್‌ಜಿಮ್ ಎಂಬ ಕಾರ್ಯಕ್ರಮವನ್ನು ಜನರಿಗೆ ಕೊಟ್ಟರು. ನಮ್ಮಲ್ಲಿ ನಿಮ್ಹಾನ್ಸ್‌ನ ಚಿಕಿತ್ಸಾ ಮನಶ್ಶಾಸ್ತ್ರ ವಿಭಾಗದವರು ಭಾರತೀಯ ಬಳಕೆದಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಪುಷ್-ಡಿ ಎಂಬ ಸ್ವಸಹಾಯ ಕಾರ್ಯಕ್ರಮವನ್ನು ರೂಪಿಸಿದ್ದಾರೆ. ಇಂಥ ಕಾರ್ಯಕ್ರಮಗಳ ಬಗ್ಗೆ ನಡೆದಿರುವ ಅಧ್ಯಯನಗಳೆಲ್ಲ ಹೆಚ್ಚುಕಡಿಮೆ ಒಂದೇ ಮಾತಿಗೆ ಬಂದು ನಿಲ್ಲುತ್ತವೆ. ಸೌಮ್ಯ ಖಿನ್ನತೆಯಲ್ಲಿ ಒಬ್ಬರೇ ಕುಳಿತು ಮಾಡಿದರೂ ಪ್ರಯೋಜನವಿದೆ. ಮಧ್ಯಮ ಮತ್ತು ತೀವ್ರ ಮಟ್ಟದಲ್ಲಿ, ವಾರಕ್ಕೊಮ್ಮೆ ಫೋನ್ ಮಾಡಿ ಅಥವಾ ಸಂದೇಶ ಕಳಿಸಿ ವಿಚಾರಿಸುವ ಒಬ್ಬ ಮಾರ್ಗದರ್ಶಕರು ಇದ್ದಾಗ ಫಲ ಹೆಚ್ಚು. ಆ ಒಬ್ಬರು ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2019ರ ಒಂದು ಅಧ್ಯಯನ ಕಣ್ಣು ತೆರೆಸುವಂತಿದೆ. 93 ಮಾನಸಿಕ ಆರೋಗ್ಯ ಆಪ್‌ಗಳ ನಿಜವಾದ ಬಳಕೆಯನ್ನು ಲೆಕ್ಕ ಹಾಕಿದಾಗ, ಇಳಿಸಿಕೊಂಡವರಲ್ಲಿ ತಿಂಗಳ ಕೊನೆಗೂ ಬಳಸುತ್ತಿದ್ದವರ ಪ್ರಮಾಣ ಹೆಚ್ಚೂಕಡಿಮೆ ಶೇ. 3ರ ಆಸುಪಾಸಿನಲ್ಲಿತ್ತು. ಒಂದು ಆಪ್ ಹಾಕಿಕೊಂಡು ನಾಲ್ಕೇ ದಿನಕ್ಕೆ ಬಿಟ್ಟವರು ‘ನನ್ನಿಂದ ಇದೂ ಆಗಲಿಲ್ಲ’ ಎಂದು ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ. ಬಹುತೇಕ ಎಲ್ಲರೂ ಬಿಡುತ್ತಾರೆ ಎಂಬುದನ್ನು ಅವರಿಗೆ ಯಾರಾದರೂ ಹೇಳಬೇಕು. ಆ ಮಾರ್ಗದರ್ಶಕರು ವೈದ್ಯರೇ ಆಗಬೇಕೆಂದಿಲ್ಲ. ಭಾನುವಾರ ಸಂಜೆ ಫೋನ್ ಮಾಡಿ, ಬುದ್ಧಿ ಹೇಳದೆ, ‘ಈ ವಾರ ಯಾವ ಪುಟ ಬರೆದೆ?’ ಎಂದಷ್ಟೇ ಕೇಳುವ ಒಬ್ಬ ಗೆಳತಿ ಇದ್ದರೂ ಬಹಳ ವ್ಯತ್ಯಾಸವಾಗುತ್ತದೆ.

ಹಾಗೆ ಕೇಳುವವರು ಯಾರೂ ಇಲ್ಲದವರಿಗೆ, ಅಥವಾ ಮನೆಯವರ ಮುಂದೆ ಬಾಯಿ ಬಿಡಲಾಗದವರಿಗೆ, ನಾನು ಮೊದಲು ಬರೆದುಕೊಡುವ ಸಂಖ್ಯೆ 14416. ಇದು ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾಗಿ, ಅದೇ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು ಆರಂಭವಾಯಿತು. ಇಡೀ ದೇಶದ ಈ ಸೇವೆಗೆ ನಿಮ್ಹಾನ್ಸ್ ಮುಖ್ಯ ಕೇಂದ್ರ. ತಾಂತ್ರಿಕ ನೆರವು ಬೆಂಗಳೂರಿನ ಐಐಐಟಿಯದು. ದಿನದ 24 ಗಂಟೆಯೂ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿ ಮಾತನಾಡಬಹುದು. ಆ ಸಂಖ್ಯೆ ಸಿಗದಿದ್ದರೆ 1800-891-4416ಕ್ಕೆ ಮಾಡಬಹುದು. ಕರೆ ಮಾಡಿದಾಗ ಮೊದಲು ಭಾಷೆಯನ್ನು ಆರಿಸಿಕೊಳ್ಳಲು ಹೇಳುತ್ತದೆ, ನಂತರ ತರಬೇತಿ ಪಡೆದ ಆಪ್ತ ಸಮಾಲೋಚಕರೊಬ್ಬರು ಮಾತನಾಡುತ್ತಾರೆ. ಅವರಿಂದ ಆಗುವಷ್ಟು ನೆರವು ಅಲ್ಲಿಯೇ ಸಿಗುತ್ತದೆ. ಅದಕ್ಕಿಂತ ಹೆಚ್ಚಿನ ಅಗತ್ಯ ಕಂಡರೆ ಮನೋವೈದ್ಯರಿಗೆ, ಅಥವಾ ಹತ್ತಿರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ, ವೈದ್ಯಕೀಯ ಕಾಲೇಜಿಗೆ ದಾಟಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಇದರ ಮೊಬೈಲ್ ಆಪ್ ಕೂಡ ಬಂದಿತು. ಖಿನ್ನತೆಯಲ್ಲಿರುವವರಿಗೆ ಫೋನಿನಲ್ಲಿ ಮಾತು ಶುರುಮಾಡುವುದೇ ಬೆಟ್ಟ ಹತ್ತಿದಂತೆ. ಆದ್ದರಿಂದ ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿದರೂ ಆಯಿತು: ‘ನನಗೆ ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ, ಏನೂ ಬೇಡ ಅನ್ನಿಸುತ್ತದೆ, ಯಾರ ಹತ್ತಿರ ಹೇಳಬೇಕೋ ಗೊತ್ತಿಲ್ಲ.’ ಇಷ್ಟು ಹೇಳಿದರೆ ಉಳಿದದ್ದನ್ನು ಕೇಳಿ ತಿಳಿದುಕೊಳ್ಳುವುದು ಆ ಕಡೆಯವರ ಕೆಲಸ. ಒಮ್ಮೆ ಮಾತನಾಡಿದ್ದು ಹಿತವೆನ್ನಿಸದಿದ್ದರೆ ಇನ್ನೊಮ್ಮೆ ಮಾಡಬಹುದು, ಬೇರೊಬ್ಬರು ಸಿಗುತ್ತಾರೆ.

ಬದುಕೇ ಬೇಡವೆನ್ನಿಸುವ ಯೋಚನೆ ಬಲವಾಗಿದ್ದರೆ ಲೇಖನ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಪಕ್ಕದಲ್ಲಿರುವ ಒಬ್ಬರಿಗೆ ಅದನ್ನು ಹೇಳಿ, ಅವರನ್ನು ಜೊತೆಯಲ್ಲಿಯೇ ಇರಿಸಿಕೊಳ್ಳಿ. 14416ಕ್ಕೆ ಕರೆ ಮಾಡಿ, ಅಪಾಯ ಎದುರಿಗೇ ಇದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹಾನಿಗೆ ದಾರಿಯಾಗಬಹುದಾದ ವಸ್ತುಗಳನ್ನು ಮನೆಯವರು ಕೈಗೆಟುಕದಂತೆ ದೂರವಿಡಬೇಕು. ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಆಸ್ಪತ್ರೆಗೆ ಹೋಗದೆ ಉಳಿಯುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಅಂಥ ಪ್ರಯತ್ನ ಮಾಡಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅದಕ್ಕಾಗಿ ಅವರನ್ನು ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ. ಇನ್ನೊಂದು ಸಂಗತಿ: ಹಂಚಿಕೆಯಾಗುತ್ತ ಬರುವ ಸಹಾಯವಾಣಿಗಳ ಪಟ್ಟಿಗಳಲ್ಲಿ ಈಗ ಕೆಲಸ ಮಾಡದ ಸಂಖ್ಯೆಗಳೂ ಇರುತ್ತವೆ. ಸಂಕಟದ ಹೊತ್ತಿನಲ್ಲಿ ಯಾರೂ ಎತ್ತದ ಒಂದು ಕರೆ ಮಾಡುವ ಕೆಡುಕು ಸಣ್ಣದಲ್ಲ. ಆದ್ದರಿಂದ ಪಟ್ಟಿಯನ್ನು ಇನ್ನೊಬ್ಬರಿಗೆ ಕಳಿಸುವ ಮೊದಲು ಒಮ್ಮೆ ಆ ಸಂಖ್ಯೆಗಳಿಗೆ ತಾವೇ ಕರೆ ಮಾಡಿ ನೋಡುವುದು ಕಳಿಸುವವರ ಕರ್ತವ್ಯ.

ವಿಡಿಯೊ ಮೂಲಕ ಮನೋವೈದ್ಯರನ್ನು ಕಾಣುವುದು ಈಗ ಸಾಮಾನ್ಯವಾಗಿದೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ಇದಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿವೆ. ಇಲ್ಲಿ ಯಾರು ಯಾರೆಂಬುದನ್ನು ತಿಳಿದಿರಬೇಕು. ಮನೋವೈದ್ಯರು ಎಂಬಿಬಿಎಸ್ ಓದಿ ಮನೋವೈದ್ಯಶಾಸ್ತ್ರದಲ್ಲಿ ಮುಂದೆ ಓದಿದವರು. ಅವರು ಔಷಧಿ ಬರೆಯಬಲ್ಲರು, ಅವರ ಚೀಟಿಯ ಮೇಲೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ಕೊಡುತ್ತಾರೆ, ಔಷಧಿ ಬರೆಯುವುದಿಲ್ಲ. ಅವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಕೌನ್ಸೆಲರ್, ಲೈಫ್ ಕೋಚ್, ಹೀಲರ್ ಎಂಬ ಹೆಸರುಗಳನ್ನು ಯಾರು ಬೇಕಾದರೂ ಹಾಕಿಕೊಂಡುಬಿಡುತ್ತಾರೆ. ಅವರಲ್ಲಿ ಒಳ್ಳೆಯ ತರಬೇತಿ ಪಡೆದ ಕೌನ್ಸೆಲರ್‌ಗಳು ಖಂಡಿತ ಇದ್ದಾರೆ, ಆದರೆ ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ ಎಂದು ಕೇಳುವುದು ಅಗೌರವವಲ್ಲ. ಕೇಳಿದ್ದಕ್ಕೆ ಸಿಟ್ಟಾಗುವವರಿಂದ ದೂರ ಇರುವುದೇ ಲೇಸು. ಔಷಧಿ ಆರಂಭಿಸಿದವರಿಗೆ ಒಂದು ಮಾತು. ಖಿನ್ನತೆಯ ಮಾತ್ರೆಗಳ ಪರಿಣಾಮ ಗೊತ್ತಾಗಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಬೇಕು. ಮೊದಲ ವಾರ ವಾಕರಿಕೆ, ತಲೆನೋವು ಬಂದಾಗ ಯಾವುದೋ ವಿಡಿಯೊ ನೋಡಿ ಮಾತ್ರೆ ನಿಲ್ಲಿಸಿದವರು ಎಷ್ಟೋ ಮಂದಿ. ನಿಲ್ಲಿಸುವುದಾದರೂ ವೈದ್ಯರಿಗೆ ಹೇಳಿ, ನಿಧಾನವಾಗಿ ನಿಲ್ಲಿಸಬೇಕು. ಆನ್‌ಲೈನ್‌ಗಿಂತ ಮುಖಾಮುಖಿ ಭೇಟಿಯನ್ನೇ ಬಯಸುವವರಿಗೆ, ಕರ್ನಾಟಕದಲ್ಲಿ 2014ರಿಂದ ನಡೆಯುತ್ತಿರುವ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂಬುದನ್ನು ಆಸ್ಪತ್ರೆಗೆ ಒಂದು ಫೋನ್ ಮಾಡಿ ಖಚಿತಪಡಿಸಿಕೊಂಡು ಹೊರಡುವುದು ಒಳ್ಳೆಯದು.

ಓದಲು ಬಯಸುವವರಿಗೆ ಕನ್ನಡದಲ್ಲಿ ಸಾಮಗ್ರಿಯ ಬಡತನವಿಲ್ಲ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ದಶಕಗಳ ಕಾಲ ಸರಳ ಕನ್ನಡದಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಬರೆದದ್ದರಿಂದಲೇ ನಮ್ಮ ಎಷ್ಟೋ ಹಳ್ಳಿಗಳಿಗೆ ‘ಖಿನ್ನತೆ’ ಎಂಬ ಪದ ತಲುಪಿದೆ. ಬೆಂಗಳೂರಿನ ವೈಟ್ ಸ್ವಾನ್ ಫೌಂಡೇಶನ್ ತನ್ನ ಜಾಲತಾಣದಲ್ಲಿ ಕನ್ನಡದಲ್ಲಿಯೂ ಲೇಖನಗಳನ್ನು ಪ್ರಕಟಿಸಿದೆ. ನಟಿ ದೀಪಿಕಾ ಪಡುಕೋಣೆ ತಾವು ಅನುಭವಿಸಿದ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತನಾಡಿ 2015ರಲ್ಲಿ ಸ್ಥಾಪಿಸಿದ ಲಿವ್ ಲವ್ ಲಾಫ್ ಸಂಸ್ಥೆಯ ಗ್ರಾಮೀಣ ಕಾರ್ಯಕ್ರಮ ಮೊದಲು ಕಾಲಿಟ್ಟದ್ದು ದಾವಣಗೆರೆ ಜಿಲ್ಲೆಯಲ್ಲಿ. ಓದುವಾಗ ನಾನು ಪಾಲಿಸುವ ಕ್ರಮ ಒಂದೇ: ಬರೆದವರ ಹೆಸರು ಮತ್ತು ವಿದ್ಯಾರ್ಹತೆ ಇರಬೇಕು, ‘ಏಳು ದಿನದಲ್ಲಿ ಗುಣ’ ಎಂಬಂಥ ಮಾತು ಇರಬಾರದು, ಕೊನೆಯಲ್ಲಿ ಏನನ್ನೂ ಮಾರಲು ಬರಬಾರದು.

ತಮ್ಮಂತೆಯೇ ಬಳಲಿದವರ ಜೊತೆ ಮಾತನಾಡುವ ಗುಂಪುಗಳ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಮನೆಯಲ್ಲಿ ‘ಊಟ ಬಟ್ಟೆಗೆ ಕೊರತೆಯಿಲ್ಲ, ನಿನಗೇನು ಕಷ್ಟ?’ ಎನ್ನಿಸಿಕೊಂಡವರಿಗೆ, ಎಲ್ಲೋ ಇರುವ ಅಪರಿಚಿತರೊಬ್ಬರು ‘ನನಗೂ ಬೆಳಿಗ್ಗೆ ಏಳುವುದೇ ಕಷ್ಟವಾಗುತ್ತಿತ್ತು’ ಎಂದು ಬರೆದ ಒಂದು ಸಾಲು ಔಷಧಿಯಂತೆ ಕೆಲಸ ಮಾಡುತ್ತದೆ. ಆದರೆ ನೋಡಿಕೊಳ್ಳುವವರಿಲ್ಲದ ಗುಂಪಿನಲ್ಲಿ ಎಲ್ಲರ ನೋವೂ ಒಂದೇ ಕಡೆ ರಾಶಿ ಬಿದ್ದು, ರಾತ್ರಿ ಎರಡು ಗಂಟೆಯವರೆಗೂ ಅದನ್ನೇ ಓದುತ್ತ ಮನಸ್ಸು ಇನ್ನಷ್ಟು ಕುಸಿಯುವುದೂ ಉಂಟು. ಒಳ್ಳೆಯ ಗುಂಪಿನ ಗುರುತುಗಳಿವೆ. ನಿಯಮಗಳನ್ನು ಮೊದಲೇ ಬರೆದಿರುತ್ತಾರೆ, ಸಾವಿನ ವಿಧಾನಗಳ ಮಾತನ್ನು ಅಳಿಸುವ ಮೇಲ್ವಿಚಾರಕರಿರುತ್ತಾರೆ, ಔಷಧಿಯ ಹೆಸರು ಹೇಳಿ ‘ಇದನ್ನು ತಗೊಳ್ಳಿ, ಅದನ್ನು ಬಿಡಿ’ ಎನ್ನಲು ಬಿಡುವುದಿಲ್ಲ, ಚೇತರಿಸಿಕೊಂಡವರು ಆಗಾಗ ಬಂದು ಮಾತನಾಡುತ್ತಾರೆ. ಸಮಾಧಾನ ಹೇಳುವ ನೆಪದಲ್ಲಿ ಖಾಸಗಿಯಾಗಿ ಸಂದೇಶ ಕಳಿಸಿ ಫೋಟೊ, ಹಣ ಅಥವಾ ಭೇಟಿ ಕೇಳುವವರಿಗೆ ಉತ್ತರ ಕೊಡದೆ, ಅವರ ಬಗ್ಗೆ ಮೇಲ್ವಿಚಾರಕರಿಗೆ ತಿಳಿಸಬೇಕು. ಗುಂಪಿನಿಂದ ಎದ್ದ ಮೇಲೆ ಮನಸ್ಸು ಹಗುರವಾಯಿತೇ, ಭಾರವಾಯಿತೇ ಎಂದು ಒಂದು ವಾರ ನೋಟ್‌ಬುಕ್‌ನಲ್ಲಿ ಬರೆದು ನೋಡಿ; ಉಳಿಯಬೇಕೋ ಬಿಡಬೇಕೋ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಗೌಪ್ಯತೆಯ ಮಾತು ಹೇಳದೆ ಇರಲಾಗದು. ಮನೋವೈದ್ಯರ ಬಳಿ ಹೇಳಿದ್ದು ಗುಟ್ಟಾಗಿ ಉಳಿಯಬೇಕೆಂದು 2017ರ ಕಾಯ್ದೆ ಹೇಳುತ್ತದೆ, ಆದರೆ ಆಪ್‌ಗೆ ಬರೆದುಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಎಂಬುದು ಅಷ್ಟು ಸ್ಪಷ್ಟವಲ್ಲ. 2020ರಲ್ಲಿ ಫಿನ್‌ಲ್ಯಾಂಡ್‌ನ ವಾಸ್ತಾಮೊ ಎಂಬ ಚಿಕಿತ್ಸಾ ಸಂಸ್ಥೆಯಿಂದ ಕದ್ದ ದಾಖಲೆಗಳನ್ನು ಹಿಡಿದುಕೊಂಡು ರೋಗಿಗಳಿಗೇ ಬೆದರಿಕೆ ಹಾಕಿ ಹಣ ಕೇಳಿದ ಪ್ರಕರಣ ನಡೆಯಿತು. 2023ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮೊದಲಾದ ಕಂಪನಿಗಳ ಜೊತೆ ಹಂಚಿಕೊಂಡ ಆರೋಪದ ಮೇಲೆ ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಚಿಕಿತ್ಸಾ ಕಂಪನಿ 78 ಲಕ್ಷ ಡಾಲರ್ ಕೊಡಬೇಕೆಂದು ಆದೇಶಿಸಿತು. ಕಾಂಟ್ಯಾಕ್ಟ್ ಪಟ್ಟಿ, ಫೋಟೊ, ಲೊಕೇಶನ್ ಕೇಳುವ ಸ್ವಸಹಾಯದ ಆಪ್‌ಗೆ ಅವುಗಳ ಅಗತ್ಯವಿರುವುದಿಲ್ಲ, ಕೊಡಬೇಡಿ. ಎಐ ಚಾಟ್‌ಬಾಟ್‌ಗಳ ಬಗ್ಗೆಯೂ ಇದೇ ಎಚ್ಚರ ಬೇಕು. ನಡುರಾತ್ರಿಯಲ್ಲಿ ಮನಸ್ಸಿನ ಗೊಂದಲವನ್ನು ಮಾತಾಗಿ ಜೋಡಿಸಿಕೊಳ್ಳಲು, ಮರುದಿನದ ಚಿಕ್ಕ ಕೆಲಸವನ್ನು ಗೊತ್ತುಮಾಡಿಕೊಳ್ಳಲು ಅವು ನೆರವಾಗಬಹುದು. ಆದರೆ ಹೇಳಿದ್ದಕ್ಕೆಲ್ಲ ಹೌದೆನ್ನುವ ಒಲವು ಅವುಗಳಲ್ಲಿದೆ. ‘ನಾನು ಯಾರಿಗೂ ಬೇಡದವಳು’ ಎಂಬ ಮಾತನ್ನು ಒಪ್ಪಿ ಸಮಾಧಾನ ಹೇಳುವುದಕ್ಕೂ, ಆ ಮಾತು ನಿಜವೇ ಎಂದು ಎದುರು ಕುಳಿತು ಪ್ರಶ್ನಿಸುವುದಕ್ಕೂ ಬಹಳ ಅಂತರವಿದೆ, ಮತ್ತು ಅಪಾಯದ ಹೊತ್ತಿನಲ್ಲಿ ಎದ್ದು ಬಂದು ಬಾಗಿಲು ತಟ್ಟಲು ಅವುಗಳಿಗೆ ಆಗುವುದಿಲ್ಲ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಭಾರತದ ಈ ಉಚಿತ ಸಂಖ್ಯೆಗಳು ಸಾಮಾನ್ಯವಾಗಿ ಸಿಗುವುದಿಲ್ಲ. ಅಮೆರಿಕದಲ್ಲಿ 988, ಬ್ರಿಟನ್‌ನಲ್ಲಿ ಸಮಾರಿಟನ್ಸ್ ಸಂಸ್ಥೆಯ 116 123 ಸಂಖ್ಯೆಗೆ ಕರೆ ಮಾಡಬಹುದು. ಇಂಗ್ಲೆಂಡಿನಲ್ಲಿರುವ ವಯಸ್ಕರು ವೈದ್ಯರ ಚೀಟಿಯಿಲ್ಲದೆಯೇ ಎನ್‌ಎಚ್‌ಎಸ್‌ನ ಮಾತಿನ ಚಿಕಿತ್ಸೆಗೆ ನೇರವಾಗಿ ಹೆಸರು ಕೊಡಬಹುದು.

ಕೊನೆಯದಾಗಿ ಮನೆಯವರಿಗೆ. ಹುಡುಕುವ ಶಕ್ತಿ ಕಳೆದುಕೊಂಡವರ ಪರವಾಗಿ ನೀವು ಹುಡುಕಬಹುದು. 14416ಕ್ಕೆ ಮನೆಯವರೂ ಕರೆ ಮಾಡಿ, ಹೇಗೆ ಮಾತನಾಡಿಸಬೇಕು, ಎಲ್ಲಿಗೆ ಕರೆದೊಯ್ಯಬೇಕು ಎಂದು ಕೇಳಬಹುದು. ಹುಡುಕಿದ್ದನ್ನೆಲ್ಲ ಅವರ ವಾಟ್ಸ್‌ಆಪ್‌ಗೆ ಸುರಿಯಬೇಡಿ. ಹತ್ತು ಲಿಂಕ್ ಕಳಿಸಿದರೆ ಅವರು ಒಂದನ್ನೂ ತೆರೆಯುವುದಿಲ್ಲ, ತೆರೆಯಲಾಗದ್ದಕ್ಕೆ ಮತ್ತೆ ನೊಂದುಕೊಳ್ಳುತ್ತಾರೆ. ನಾವೂ ಮೊದಲು ಅದೇ ತಪ್ಪು ಮಾಡಿದ್ದೆವು. ಆಮೇಲೆ ಒಂದು ಮಧ್ಯಾಹ್ನ ನಾನು ತಂಗಿಯ ಮಂಚದ ಅಂಚಿನಲ್ಲಿ ಕುಳಿತು, ಆ ಒಂಬತ್ತು ಪ್ರಶ್ನೆಗಳನ್ನು ಒಂದೊಂದಾಗಿ ಓದಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಕೊಂಡೇ ಬೆರಳಿನಲ್ಲಿ ಎರಡು, ಮೂರು ಎಂದು ತೋರಿಸಿದಳು. ಹದಿನೇಳು ಬಂತು. “ಫೋನ್ ನಾನು ಮಾಡಿ ಕೊಡ್ಲಾ, ಮಾತು ಮಾತ್ರ ನೀನು ಆಡು” ಎಂದೆ. “ಸ್ಪೀಕರ್ ಹಾಕಬೇಡ ಅಕ್ಕಾ” ಎಂದಳು. ನಾನು ಸಂಖ್ಯೆ ಒತ್ತಿ, ಫೋನನ್ನು ಅವಳ ಕೈಗೆ ಕೊಟ್ಟು, ಬಾಗಿಲನ್ನು ಅರ್ಧ ತೆರೆದಿಟ್ಟು ಹೊರಗೆ ಜಗಲಿಯ ಮೇಲೆ ಕುಳಿತೆ.